ಸ್ಪೇನ್‌ಗೆ ಓದಕ್ಕೆ ಹೋದ್ರೆ ರಾತ್ರಿ ನಿದ್ದೆ ಇಲ್ವಂತೆ!

ರಾಮನಗರ: ಮಗನನ್ನೋ ಮಗಳನ್ನೋ ಸ್ಪೇನ್ ದೇಶಕ್ಕೆ ಓದಲು ಕಳಿಸುವ ಮಾತು ಎದ್ದರೆ ಸಾಕು, ನಮ್ಮ ಕಡೆ ಮೊದಲು ಬರುವ ಪ್ರಶ್ನೆ ಕಾಲೇಜಿನದ್ದಲ್ಲ, ಫೀಸಿನದ್ದೂ ಅಲ್ಲ. "ಅಲ್ಲಿ ಹುಡುಗ್ರು ರಾತ್ರಿಯೆಲ್ಲಾ ಮಲಗೋದೇ ಇಲ್ವಂತಲ್ಲಪ್ಪಾ, ನಿಜವಾ?" ಎಂಬುದು.

ನಿಜ. ಅಲ್ಲಿ ಮಧ್ಯಾಹ್ನದ ಊಟ ಎರಡು, ಮೂರು ಗಂಟೆಗೆ. ರಾತ್ರಿ ಊಟ ಒಂಬತ್ತರ ಮೇಲೆ. ಹತ್ತಾದರೂ ಯಾರೂ ಗಡಿಯಾರ ನೋಡರು. ಶನಿವಾರ ಬಂತೆಂದರೆ ಡಿಸ್ಕೋಗಳು ತುಂಬುವುದೇ ಒಂದೂವರೆ, ಎರಡರ ನಂತರ. ಬಾಗಿಲು ಹಾಕುವ ಹೊತ್ತಿಗೆ ನಮ್ಮಲ್ಲಾದರೆ ಹಾಲು ಕರೆದು ಡೈರಿಗೆ ಹಾಕುವ ಸಮಯ. ಇದಕ್ಕೆ ಒಂದು ಕಾರಣ ಗಡಿಯಾರವೇ. 1940ರಲ್ಲಿ ಸರ್ವಾಧಿಕಾರಿ ಫ್ರಾಂಕೊ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಜರ್ಮನಿಯ ಹೊತ್ತಿಗೆ ಕೂಡಿಸಿದ. ಅದು ಹಾಗೇ ಉಳಿಯಿತು. ಬೇಸಿಗೆಯಲ್ಲಿ ಅದರ ಮೇಲೆ ಇನ್ನೊಂದು ಗಂಟೆ. ಜೂನ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ಹೊತ್ತು ಮುಳುಗುವುದು ಒಂಬತ್ತೂ ಮುಕ್ಕಾಲಿಗೆ. ಬೆಳಕಿರುವಾಗಲೇ ರಾತ್ರಿ ಊಟಕ್ಕೆ ಕೂರು ಅಂದರೆ ಯಾರು ಕೂರ್ತಾರೆ?

ಅಷ್ಟಕ್ಕೂ ಜಾಗರಣೆ ನಮಗೇನು ಹೊಸದೇ? ಕನಕಪುರ, ಮಾಗಡಿ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟಿದರೆ ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿಯುವುದೇ ಊರು ಉಂಡ ಮೇಲೆ. ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಬೆಳ್ಳಿ ಮೂಡಿರುತ್ತದೆ. ಆದರೆ ನಾಟಕದ ರಾತ್ರಿಗೆ ಊರೇ ಕಾವಲು. ಹುಡುಗ ಎಲ್ಲಿ ಕೂತ, ಯಾರ ಜೊತೆ ಎದ್ದುಹೋದ ಅನ್ನೋದು ಬೆಳಗಾಗುವುದರೊಳಗೆ ಅವರಪ್ಪನ ಕಿವಿಗೆ ಬಿದ್ದಿರುತ್ತದೆ. ಸ್ಪೇನ್‌ನಲ್ಲಿ ಇವನು ಯಾರ ಮಗ ಎಂದು ಕೇಳುವವರೇ ಇಲ್ಲ. ಹೆದರಬೇಕಾದ್ದು ಅದಕ್ಕೆ.

ಅಗ್ಗದ ಬಾಟಲಿ ಕೊಂಡು ಚೌಕದಲ್ಲಿ ಗುಂಪಾಗಿ ಕೂತು ಕುಡಿಯುವ ಚಾಳಿ ಅಲ್ಲಿಯ ವಿದ್ಯಾರ್ಥಿಗಳಲ್ಲಿ ಇದೆ. ಅದಕ್ಕೆ 'ಬೊತೆಯೋನ್' ಎಂದೇ ಹೆಸರು. ಮ್ಯಾಡ್ರಿಡ್ ಪ್ರಾಂತ್ಯ 2002ರಲ್ಲೇ ಬೀದಿಯಲ್ಲಿ ಕುಡಿಯುವುದನ್ನು ನಿಷೇಧಿಸಿತು, ಸಿಕ್ಕಿಬಿದ್ದರೆ ದಂಡ. ಕುಡಿಯದವರು 'ಮೊಸ್ತೊ' ಎಂಬ ದ್ರಾಕ್ಷಿ ರಸ ಹಿಡಿದು ಅದೇ ಗುಂಪಿನಲ್ಲಿ ಹರಟಬಹುದು. ಮನೆಗೆ ಮರಳುವ ದಾರಿಯನ್ನು ಮಾತ್ರ ಹೊರಡುವ ಮೊದಲೇ ತಿಳಿದಿರಬೇಕು. ಮ್ಯಾಡ್ರಿಡ್ ಮೆಟ್ರೊ ತಡರಾತ್ರಿ ನಿಂತರೆ ಮತ್ತೆ ಬೆಳಿಗ್ಗೆ ಆರಕ್ಕೇ. ನಡುವೆ ಸಿಬೆಲೆಸ್ ಚೌಕದಿಂದ ರಾತ್ರಿ ಬಸ್ಸುಗಳಿವೆ, ಹೆಸರು 'ಬೂಓ', ಅಂದರೆ ಗೂಬೆ. ನಮ್ಮಲ್ಲಿ ಗೂಬೆ ಅಪಶಕುನ. ಅಲ್ಲಿ ಮನೆ ಮುಟ್ಟಿಸುವ ಗಾಡಿ. ರೈಲೇ ಕಾಣದ ಮಾಗಡಿಯಲ್ಲಿ, ಕನಕಪುರದಲ್ಲಿ ಕೊನೆ ಬಸ್ಸಿಗೆ ಕಾದು ಗೊತ್ತಿರುವವರಿಗೆ ಇದರ ಬೆಲೆ ಹೇಳಬೇಕಿಲ್ಲ.

ನಿಜವಾದ ಪೇಚಾಟ ಹಗಲಿನದು. ಆರು ತಿಂಗಳಿಗಿಂತ ಹೆಚ್ಚಿನ ಓದಾದರೆ, ಕಾಲಿಟ್ಟ ಒಂದು ತಿಂಗಳೊಳಗೆ ಪೊಲೀಸ್ ಕಚೇರಿಯಲ್ಲಿ ವಿದೇಶಿಯರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ನಗರಸಭೆಯಲ್ಲಿ ವಾಸದ ವಿಳಾಸ ದಾಖಲಿಸಬೇಕು. ವಿಳಾಸಕ್ಕೆ ಬಾಡಿಗೆ ಕರಾರು ಬೇಕು. ಕರಾರು ಬರೆದುಕೊಡದ ಮನೆಯವನಿಗೆ ಇಲ್ಲಿಂದಲೇ ಮುಂಗಡ ಕಳಿಸಿದರೆ ಆ ದುಡ್ಡಿಗೆ ಎಳ್ಳುನೀರು ಬಿಟ್ಟ ಹಾಗೆ. ನಮ್ಮವರಿಗೆ ಇನ್ನೊಂದು ತೊಡಕುಂಟು. ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಎಂದಾಯಿತು. ಒಂದು ಕಾಗದದಲ್ಲಿ ರಾಮನಗರ ಜಿಲ್ಲೆ, ಇನ್ನೊಂದರಲ್ಲಿ ಹೊಸ ಹೆಸರು ಇದ್ದರೆ, ಅಲ್ಲಿಯ ಗುಮಾಸ್ತನಿಗೆ ಚನ್ನಪಟ್ಟಣದ ಇತಿಹಾಸ ಹೇಳುತ್ತಾ ನಿಲ್ಲಲಾದೀತೇ? ಇಲ್ಲೇ ಸರಿ ನೋಡಿಕೊಂಡು ಹೊರಡುವುದು ಕ್ಷೇಮ.

ದುಡ್ಡಿನ ಲೆಕ್ಕವೂ ಖಡಕ್ಕಾಗಿದೆ. ಫೀಸು ಬಿಟ್ಟು ತಿಂಗಳ ಖರ್ಚಿಗೇ 600 ಯೂರೊ ಇದೆಯೆಂದು ವೀಸಾಕ್ಕೆ ತೋರಿಸಬೇಕು. ವಿಶ್ವವಿದ್ಯಾಲಯದಲ್ಲಿ ಓದುವವರು ಓದಿಗೆ ಅಡ್ಡಿಯಾಗದಂತೆ ವಾರಕ್ಕೆ 30 ಗಂಟೆ ದುಡಿಯಬಹುದು. "ಹೋಟ್ಲಲ್ಲಿ ಕೆಲ್ಸ ಮಾಡ್ಕೊಂಡು ಸಾಲ ತೀರಿಸ್ತಾನೆ ಬಿಡ್ರಿ" ಎಂದು ಹಿಪ್ಪುನೇರಳೆ ತೋಟ ಅಡ ಇಡುವ ಅಪ್ಪಂದಿರು ಒಂದು ಮಾತು ಕೇಳಿಕೊಳ್ಳಬೇಕು: ಹೋಟ್ಲಿನವನಿಗೆ ಬೇಕಾದ್ದು ಸ್ಪ್ಯಾನಿಷ್ ಮಾತಾಡುವ ಹುಡುಗ. ಇಂಗ್ಲಿಷ್ ಸಾಲದು. ಬಾರ್ಸಿಲೋನಾದಲ್ಲಂತೂ ಪಾಠ ಕತಲಾನ್ ಭಾಷೆಯಲ್ಲೂ ನಡೆಯುತ್ತದೆ. ಬೆಂಗಳೂರಿಗೆ ಬಂದವರು ಕನ್ನಡ ಕಲೀಲಿ ಎನ್ನುವ ನಾವು ಅದಕ್ಕೆ ಗೊಣಗುವಂತಿಲ್ಲ.

ಊಟದ ವಿಚಾರ ಒಂದೇ ಮಾತು. "ಮಾಂಸ ಬೇಡ" ಎಂದರೆ ಹಂದಿಮಾಂಸದ ಚೂರೋ ಮೀನೋ ಹಾಕಿಕೊಟ್ಟಾರು; ಅದೂ ಬೇಡ, ಇದೂ ಬೇಡ ಎಂದು ಬಿಡಿಸಿ ಹೇಳಬೇಕು. ರಾಗಿಹಿಟ್ಟು ಕಟ್ಟಿಕೊಂಡು ಹೋಗುವುದು ಲೇಸು.

ರಜೆಯಲ್ಲಿ ವಲೆನ್ಸಿಯಾಕ್ಕೆ ಹೋದರೆ ಹಳೆಯ ರೇಷ್ಮೆ ಪೇಟೆಯ ಕಟ್ಟಡ ನೋಡಬಹುದು. ಹದಿನೈದನೇ ಶತಮಾನದ ಕೊನೆಯಲ್ಲಿ ಕಟ್ಟಲು ಹಿಡಿದದ್ದು. 1996ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ತಿರುಪಿದಂಥ ಕಲ್ಲಿನ ಕಂಬಗಳ ನಡುವೆ ರೇಷ್ಮೆ ವ್ಯಾಪಾರ ನಡೆಯುತ್ತಿತ್ತು. ರಾಮನಗರದ ಗೂಡಿನ ಮಾರುಕಟ್ಟೆಯ ಗದ್ದಲದಲ್ಲಿ ಬೆಳೆದವನಿಗೆ ಅಲ್ಲಿ ಸದ್ದಿಲ್ಲ ಅನ್ನೋದೇ ವಿಚಿತ್ರ ಕಂಡೀತು.

ಇನ್ನು ಮನೆಗೆ ಫೋನ್. ಅಲ್ಲಿ ಉಂಡು ರಾತ್ರಿ ಹತ್ತಕ್ಕೆ ಕರೆದರೆ ಇಲ್ಲಿ ಬೇಸಿಗೆಯಲ್ಲಿ ಒಂದೂವರೆ. ಅಕ್ಟೋಬರ್ ಕೊನೆಯ ಭಾನುವಾರ ಅವರ ಗಡಿಯಾರ ಹಿಂದಕ್ಕೆ ಸರಿದ ಮೇಲೆ ಎರಡೂವರೆ. ಅವ್ವ ಗಾಬರಿಯಿಂದಲೇ ಎತ್ತುತ್ತಾಳೆ. ಅಲ್ಲಿಯ ಮಧ್ಯಾಹ್ನ ಎರಡೂವರೆ ಇಲ್ಲಿ ಸಂಜೆ ಆರೋ ಏಳೋ, ದೀಪ ಹಚ್ಚುವ ಹೊತ್ತು. ಅದನ್ನೇ ಗೊತ್ತು ಮಾಡಿಕೊಳ್ಳಲಿ. ಹುಳ ಹಣ್ಣಾಗಿ ಚಂದ್ರಿಕೆಗೆ ಬಿಡುವ ರಾತ್ರಿಯಾದರೆ ಮಾತ್ರ ಎಷ್ಟು ಹೊತ್ತಿಗೆ ಮಾಡಿದರೂ ಸರಿ, ಮನೆಮಂದಿಯೆಲ್ಲಾ ಎದ್ದೇ ಇರುತ್ತಾರೆ.