ಒಂಟೆಯ ನೆರೆಯಲ್ಲಿ ಸೈಕಲ್ಲಿಗೊಂದು ದಾರಿ

ಯುಎಇಯ ಸೈಕಲ್ ಸವಾರರಿಗೆ ಕಾರಿಲ್ಲದ ದಾರಿ ಮೊದಲು ಸಿಕ್ಕಿದ್ದು ಒಂದು ಹೊತ್ತಿನ ರೂಪದಲ್ಲಿ. ಜಾಗ ಸಿಕ್ಕಿದ್ದು ಆಮೇಲೆ. ಶುಕ್ರವಾರ ವಾರದ ರಜೆಯಾಗಿದ್ದ ಕಾಲ ಅದು. ಗುರುವಾರ ರಾತ್ರಿ ತಡವಾಗಿ ಮಲಗಿದ ದುಬೈ ಜುಮಾ ನಮಾಜಿನ ಹೊತ್ತಿನ ತನಕ ಆಕಳಿಸುತ್ತಿರುತ್ತಿತ್ತು. ಆ ಸಂದಿನಲ್ಲಿ, ಇನ್ನೂ ಬೆಳಕು ಹರಿಯುವ ಮೊದಲೇ, ಹಿಂದೆ ಕೆಂಪು ದೀಪ ಮಿಣುಕಿಸಿಕೊಂಡು ಸವಾರರ ಗುಂಪು ಹೆದ್ದಾರಿಗೆ ಇಳಿಯುತ್ತಿತ್ತು. 2000ದ ದಶಕದಲ್ಲಿ ದುಬೈ ರೋಡ್‌ಸ್ಟರ್ಸ್‌ನಂಥ ಕ್ಲಬ್ಬುಗಳು ಬೆಳೆದದ್ದು ಈ ಬೆಳಗಿನ ಜಾವವನ್ನು ನಂಬಿಕೊಂಡೇ. ಲಾರಿಗಳು ಏಳುವುದರೊಳಗೆ, ಬಿಸಿಲು ಏರುವುದರೊಳಗೆ ಮನೆ ಸೇರಿಬಿಡಬೇಕು. ತಡವಾದರೆ ಗಂಟೆಗೆ ನೂರು ಕಿ.ಮೀ. ಮೀರಿದ ಕಾರುಗಳು ಮೊಣಕೈಯ ಪಕ್ಕದಲ್ಲೇ ಗಾಳಿ ಸೀಳಿಕೊಂಡು ಹೋಗುತ್ತಿದ್ದವು. ಹೊತ್ತು ಜಾರಿದರೆ ದಾರಿಯೂ ಜಾರುತ್ತಿತ್ತು.

ಕಾರಿನ ಕಾಟವಿಲ್ಲದ ಸೈಕಲ್ ಪ್ರವಾಸ ಎಂದರೆ ಹಲವರು ಇಂಗ್ಲೆಂಡಿನ ಹಳ್ಳಿಗಾಡಿನತ್ತ ಬೆರಳು ತೋರಿಸುತ್ತಾರೆ. ಅಲ್ಲಿ ಆ ದಾರಿ ಸಿಕ್ಕಿದ್ದು ರೈಲು ಬಿಟ್ಟುಹೋದ ಜಾಗದಲ್ಲಿ. ನಷ್ಟದ ಮಾರ್ಗಗಳನ್ನೆಲ್ಲ ಮುಚ್ಚಿಬಿಡಿ ಎಂದು ರಿಚರ್ಡ್ ಬೀಚಿಂಗ್ ವರದಿ ಕೊಟ್ಟದ್ದು 1963ರಲ್ಲಿ. ಹಳಿಗಳು ಕಿತ್ತುಹೋದವು, ಹಳಿಯ ಹಾಸು ಪೊದೆ ಬೆಳೆದುಕೊಂಡು ಬಿದ್ದಿತ್ತು. 1977ರಲ್ಲಿ ಬ್ರಿಸ್ಟಲ್‌ನಲ್ಲಿ ‘ಸೈಕಲ್‌ಬ್ಯಾಗ್’ ಎಂಬ ಗುಂಪು ಹುಟ್ಟಿತು. ಎಂಜಿನಿಯರ್ ಜಾನ್ ಗ್ರಿಮ್‌ಶಾ ಮುಂದಾಳಾದರು. 1979ರಲ್ಲಿ ಬಾತ್ ಊರಿನ ಕಡೆಯಿಂದ ಸ್ವಯಂಸೇವಕರು ಸಲಿಕೆ ಹಿಡಿದರು. 1986ರ ಹೊತ್ತಿಗೆ ಬ್ರಿಸ್ಟಲ್–ಬಾತ್ ನಡುವಿನ 13 ಮೈಲಿ ದಾರಿ ಸಿದ್ಧವಾಯಿತು. ಆ ಗುಂಪೇ ಮುಂದೆ ಸಸ್‌ಟ್ರಾನ್ಸ್ ಎಂಬ ಸಂಸ್ಥೆಯಾಗಿ ದೇಶದುದ್ದಕ್ಕೂ ಸೈಕಲ್ ಜಾಲ ಹೆಣೆಯಿತು. ಇದರಲ್ಲಿ ಅವರಿಗೆ ಪುಕ್ಕಟೆ ದಕ್ಕಿದ ಲಾಭವೊಂದಿತ್ತು. ಉಗಿಬಂಡಿ ಕಡಿದಾದ ಏರು ಹತ್ತಲಾರದು. ಹಾಗಾಗಿ ಹಿಂದಿನವರು ಗುಡ್ಡ ಕಡಿದು, ತಗ್ಗು ತುಂಬಿ, ನಸು ಏರಿನ ದಾರಿ ಮಾಡಿಟ್ಟಿದ್ದರು. ಉಗಿಬಂಡಿಗೆ ಹಿತವಾದದ್ದು ಮೊಣಕಾಲಿಗೂ ಹಿತವಾಗಿತ್ತು.

ಯುಎಇಯಲ್ಲಿ ಅಂಥ ಆಸ್ತಿ ಇರಲಿಲ್ಲ. ಬಿಟ್ಟುಹೋಗಲು ಇಲ್ಲಿ ರೈಲಾದರೂ ಎಲ್ಲಿತ್ತು? ದುಬೈ ಮೆಟ್ರೊ ಹೊರಟಿದ್ದೇ 2009ರ ಸೆಪ್ಟೆಂಬರ್ 9ಕ್ಕೆ.

ಹಾಗಾಗಿ ಇಲ್ಲಿಯವರು ಎರಡನೆಯ ಹೆಜ್ಜೆಯಾಗಿ ದಾರಿಯನ್ನು ಕಡ ತಂದರು, ಅದೂ ಕಾರಿನಿಂದಲೇ. 2004ರಲ್ಲಿ ದುಬೈ ಆಟೊಡ್ರೋಮ್ ಎದ್ದಿತು, 2009ರಲ್ಲಿ ಅಬುಧಾಬಿಯ ಯಾಸ್ ದ್ವೀಪದಲ್ಲಿ ಫಾರ್ಮುಲಾ ಒನ್ ಪಂದ್ಯದ ಯಾಸ್ ಮರೀನಾ ಸರ್ಕ್ಯೂಟ್ ಬಂತು. ಪಂದ್ಯವಿಲ್ಲದ ದಿನ ಇಂಥ ಟ್ರ್ಯಾಕು ಖಾಲಿ ಬಿದ್ದಿರುತ್ತದೆ. ಕೆಲವು ಸಂಜೆ ಸರ್ಕ್ಯೂಟಿನ ಗೇಟು ಜನರಿಗೆ ತೆರೆಯಿತು: ಓಡುವವರು, ನಡೆಯುವವರು, ಪೆಡಲು ತುಳಿಯುವವರು, ತಳ್ಳುಗಾಡಿಯಲ್ಲಿ ಕೂಸು ಕೂರಿಸಿಕೊಂಡವರು. ಸುಮಾರು ಐದು ಕಿಲೋಮೀಟರಿನ ಸುತ್ತು, ಹಗಲಿನಂಥ ದೀಪ, ಚಾಪೆಯಷ್ಟು ನಯವಾದ ಡಾಂಬರು. ರೇಸ್ ಚಾಲಕ ಹ್ಯಾಮಿಲ್ಟನ್ ಮುನ್ನೂರರ ವೇಗದಲ್ಲಿ ಹೋಗುವ ಕಡೆ ನಾವು ಮೂವತ್ತಕ್ಕೆ ಏದುಸಿರು ಬಿಡುತ್ತೇವೆ; ಆ ತಮಾಷೆ ಇನ್ನೂ ಹಳತಾಗಿಲ್ಲ. ಆದರೂ ಸುತ್ತಿನಲ್ಲಿ ಸುತ್ತುವುದು ವ್ಯಾಯಾಮವಾದೀತು, ಪ್ರವಾಸವಾಗದು. ಹೊರಟ ಕಂಬದ ಹತ್ತಿರಕ್ಕೇ ಮತ್ತೆ ಮತ್ತೆ ಬರುವವನು ಊರು ನೋಡಿದಂತಾಗುವುದಿಲ್ಲ.

ಮೂರನೆಯ ಹೆಜ್ಜೆ, ಸೈಕಲ್ಲಿಗೆಂದೇ ಹಾಕಿದ ದಾರಿ, ನನಗೆ ಕುತೂಹಲದ್ದು. ದುಬೈಯ ನಾದ್ ಅಲ್ ಶೆಬಾದಲ್ಲಿ 4, 6, 8 ಕಿ.ಮೀ.ಗಳ ಸೈಕಲ್ ಸುತ್ತುಗಳಿವೆ. ಅಬುಧಾಬಿ ನಗರದಿಂದ ಆಚೆ, ಮರುಭೂಮಿಯ ಅಂಚಿನ ಅಲ್ ವತ್ಬಾದಲ್ಲಿ ಇನ್ನೂ ಉದ್ದದ ಟ್ರ್ಯಾಕಿದೆ. ದುಬೈಯ ದಕ್ಷಿಣಕ್ಕೆ ಅಲ್ ಕುದ್ರಾ ಇದೆ. ಮೂರನ್ನೂ ನಕ್ಷೆಯಲ್ಲಿ ಗುರುತು ಹಾಕಿ ನೋಡಿ. ನಾದ್ ಅಲ್ ಶೆಬಾದಲ್ಲಿ ಹಿಂದೆ ಒಂಟೆ ಓಟದ ಮೈದಾನವಿತ್ತು. ಅಲ್ ವತ್ಬಾ ಒಂಟೆ ಓಟಕ್ಕೇ ಹೆಸರಾದದ್ದು. ಅಲ್ ಕುದ್ರಾದ ಆಸುಪಾಸಿನಲ್ಲೇ ಅಲ್ ಮರ್ಮೂಮಿನ ಒಂಟೆ ಮೈದಾನ, ಸೈಹ್ ಅಲ್ ಸಲಾಮಿನಲ್ಲಿ ದೂರದೋಟದ ಕುದುರೆಗಳ ಕೇಂದ್ರ. ಯೋಜನೆ ಹಾಕಿದವರು ಹೀಗೆ ಯೋಚಿಸಿದ್ದರು ಎಂದು ನಾನು ಹೇಳಲಾರೆ. ಆದರೆ ಒಂಟೆ ಓಟ ನೋಡಿದವರಿಗೆ ಗೊತ್ತು: ಬೇಲಿಯ ಒಳಗೆ ಮರಳಿನ ಓಣಿಯಲ್ಲಿ ಒಂಟೆಗಳು ಓಡುತ್ತವೆ, ಬೆನ್ನ ಮೇಲೆ ಪುಟ್ಟ ರೋಬೊ ಸವಾರ. ಬೇಲಿಯ ಆಚೆ ಬೇರೆಯದೇ ರಸ್ತೆಯಲ್ಲಿ ದೊಡ್ಡ ದೊಡ್ಡ ಕಾರುಗಳಲ್ಲಿ ಮಾಲೀಕರು ರಿಮೋಟು ಹಿಡಿದು ಜೊತೆಜೊತೆಗೇ ಸಾಗುತ್ತಾರೆ. ಓಡುವ ಪ್ರಾಣಿಗೆ ಒಂದು ದಾರಿ, ಕಾರಿಗೆ ಇನ್ನೊಂದು, ನಡುವೆ ಬೇಲಿ. ಬೇರೆ ನಾಡುಗಳಲ್ಲಿ ಎಂಜಿನಿಯರುಗಳು ವರ್ಷಗಟ್ಟಲೆ ವಾದಿಸುವ ಮಾತನ್ನು ಈ ನೆಲ ಒಂಟೆಯ ಸಲುವಾಗಿ ಮೊದಲೇ ಒಪ್ಪಿಕೊಂಡುಬಿಟ್ಟಿತ್ತು.

ಅಲ್ ಕುದ್ರಾ ಟ್ರ್ಯಾಕು ಬಂದದ್ದು 2010ರ ದಶಕದ ಮೊದಲರ್ಧದಲ್ಲಿ. ದುಬೈಯ ರಸ್ತೆ ಮತ್ತು ಸಾರಿಗೆ ಪ್ರಾಧಿಕಾರ ಹಾಕಿದ ದಾರಿ ಅದು. ಒಟ್ಟು 80 ಕಿ.ಮೀ.ಗೂ ಹೆಚ್ಚು, ಅದರಲ್ಲಿ ಮರಳುದಿಬ್ಬಗಳ ನಡುವಿನ ದೊಡ್ಡ ಸುತ್ತೇ ಸುಮಾರು 50. ಪಕ್ಕದಲ್ಲಿ ತೋಡಿದ ಕೆರೆಗಳಿವೆ, ಹಕ್ಕಿಗಳಿವೆ. ಉದ್ದ ಕೊಂಬಿನ ಬಿಳಿ ಓರಿಕ್ಸ್ ದಾರಿಗೆ ಅಡ್ಡ ಬಂದು ನಿಂತರೆ ಬ್ರೇಕು ಹಿಡಿದು ಕಾಯುವುದೇ ಸರಿ; ಗಂಟೆ ಬಾರಿಸಿದರೂ ಅದು ಕಿವಿಯನ್ನೂ ಅಲುಗಿಸುವುದಿಲ್ಲ. ಏರು ಇಲ್ಲ ಎಂದು ಹಿಗ್ಗುವ ಹೊಸಬರಿಗೆ ಎದುರುಗಾಳಿ ಪಾಠ ಕಲಿಸುತ್ತದೆ. ಹೋಗುವಾಗ ಬೆನ್ನು ತಟ್ಟಿದ ಗಾಳಿ ಬರುವಾಗ ಎದೆಗೆ ಕೈಕೊಟ್ಟು ನಿಲ್ಲಿಸುತ್ತದೆ. ಮರಳು ಡಾಂಬರಿನ ಮೇಲೆ ನಾಲಗೆ ಚಾಚಿದ್ದರೆ ಹ್ಯಾಂಡಲ್ ನೇರ ಹಿಡಿದು, ಬ್ರೇಕು ಮುಟ್ಟದೆ ದಾಟಬೇಕು. ಚಳಿಗಾಲದ ಬೆಳಗಿನ ಮಂಜಿನಲ್ಲಿ ಮುಂದಿನವನ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣದು. ನೆರಳು ಬೇಕೆಂದರೆ ಅಲ್ಲೊಂದು ಇಲ್ಲೊಂದು ಘಾಫ್ ಮರ, ಯುಎಇಯ ರಾಷ್ಟ್ರೀಯ ವೃಕ್ಷ. ಹತ್ತಿರ ಹೋಗಿ ಎಲೆ ನೋಡಿದರೆ ನಮ್ಮ ಬನ್ನಿ ಮರವೇ. ವಿಜಯದಶಮಿಗೆ ಊರಿಗೆ ಹೋಗಲಾಗದ ವರ್ಷ ಅದರಡಿ ಸೈಕಲ್ ಆನಿಸಿ ಖರ್ಜೂರ ತಿನ್ನುವುದು ಕನ್ನಡಿಗನಿಗೆ ಮಾತ್ರ ಸಿಗುವ ಹೆಚ್ಚುವರಿ.

2022ರ ಜನವರಿಯಿಂದ ವಾರದ ರಜೆ ಶನಿವಾರ–ಭಾನುವಾರಕ್ಕೆ ಸರಿಯಿತು. ಮೊದಲಿನಂತಾಗಿದ್ದರೆ ಸವಾರರ ಜಾವವೇ ಕಳೆದುಹೋಗುತ್ತಿತ್ತು; ಈಗ ದಿನ ಬದಲಾದರೂ ದಾರಿ ಅಲ್ಲೇ ಇತ್ತು. ಅಬುಧಾಬಿಯೂ ಹಿಂದೆ ಬೀಳಲಿಲ್ಲ. ಹುದೈರಿಯಾತ್ ದ್ವೀಪದಲ್ಲಿ ಸಮುದ್ರದಂಚಿಗೆ ಟ್ರ್ಯಾಕು ಹಾಕಿತು, 2021ರಲ್ಲಿ ವಿಶ್ವ ಸೈಕ್ಲಿಂಗ್ ಒಕ್ಕೂಟದ ‘ಬೈಕ್ ಸಿಟಿ’ ಪಟ್ಟ ಪಡೆಯಿತು. ಏಷ್ಯಾದಲ್ಲಿ ಅದೇ ಮೊದಲು.

ಬೇರೆ ದಾರಿ ಸಿಕ್ಕಿದ್ದಕ್ಕೆ ಬೆಲೆಯೂ ಇದೆ. 1934ರಲ್ಲಿ ಲಂಡನ್ನಿನ ವೆಸ್ಟರ್ನ್ ಅವೆನ್ಯೂ ಪಕ್ಕದಲ್ಲಿ ಬ್ರಿಟನ್ನಿನ ಮೊದಲ ಸೈಕಲ್ ಪಥ ತೆರೆದಾಗ ವಿರೋಧಿಸಿದವರು ಸೈಕಲ್ ಸವಾರರ ಸಂಘದವರೇ. ಇವತ್ತು ಪಕ್ಕದ ದಾರಿ ಕೊಟ್ಟವರು ನಾಳೆ ರಸ್ತೆಯಿಂದಲೇ ಅಟ್ಟುತ್ತಾರೆ ಎಂಬುದು ಅವರ ಅಂಜಿಕೆ. ಆ ಅಂಜಿಕೆ ಸುಳ್ಳಲ್ಲ. ದುಬೈಯ ಈಗಿನ ನಿಯಮದಂತೆ ಗಂಟೆಗೆ 60 ಕಿ.ಮೀ. ಮೀರಿದ ವೇಗಮಿತಿಯ ರಸ್ತೆಗೆ ಸೈಕಲ್ ಇಳಿಯುವಂತಿಲ್ಲ. ಆದರೂ 2020ರಿಂದ ನವೆಂಬರಿನ ಒಂದು ಬೆಳಿಗ್ಗೆ ‘ದುಬೈ ರೈಡ್’ ಹೆಸರಿನಲ್ಲಿ ಶೇಖ್ ಜಾಯೆದ್ ರಸ್ತೆಯನ್ನೇ ಕಾರುಗಳಿಗೆ ಮುಚ್ಚುತ್ತಾರೆ. ಸಾವಿರಾರು ಜನ ನುಗ್ಗುತ್ತಾರೆ. ಹಳೆಯ ಶುಕ್ರವಾರದ ಜಾವ ವರ್ಷಕ್ಕೊಮ್ಮೆ ಸರ್ಕಾರದ ಖರ್ಚಿನಲ್ಲಿ ಮರಳಿ ಬಂದಂತೆ.

ಇವೆಲ್ಲವನ್ನೂ ನೋಡಿಯೂ ಒಂದು ವಿಚಿತ್ರ ಉಳಿದಿದೆ. ಶನಿವಾರ ನಸುಕಿಗೆ ಅಲ್ ಕುದ್ರಾದ ಪಾರ್ಕಿಂಗಿಗೆ ಹೋಗಿ ನೋಡಿ. ಸಾಲು ಸಾಲು ಕಾರುಗಳ ಡಿಕ್ಕಿ ತೆರೆದಿರುತ್ತದೆ. ಒಬ್ಬರು ಮುಂಗಾಲಿ ಸಿಕ್ಕಿಸುತ್ತಾರೆ, ಇನ್ನೊಬ್ಬರು ಪಂಪು ಒತ್ತುತ್ತಾರೆ, ಮತ್ತೊಬ್ಬರು ಹಣೆಯ ದೀಪದ ಬೆಳಕಲ್ಲಿ ಸರಪಳಿಗೆ ಎಣ್ಣೆ ಬಿಡುತ್ತಾರೆ. ಕಾರಿಲ್ಲದ ದಾರಿ ಮುಟ್ಟಲು ಎಲ್ಲರೂ ಕಾರಿನಲ್ಲೇ ಬಂದಿರುತ್ತಾರೆ. ಅದೇ ಹೊತ್ತಿಗೆ ದುಬೈ ನಗರದೊಳಗಿನ ದೇರಾದ, ಸತ್ವಾದ ಗಲ್ಲಿಗಳಲ್ಲಿ ಬಖಾಲಾ ಎಂಬ ದಿನಸಿ ಅಂಗಡಿಯ ಹುಡುಗ ಹ್ಯಾಂಡಲಿಗೆ ನೀರಿನ ಬಾಟಲಿ, ಕುಬೂಸ್ ರೊಟ್ಟಿಯ ಚೀಲ ನೇತುಹಾಕಿಕೊಂಡು ಟ್ಯಾಕ್ಸಿಗಳ ನಡುವೆ ನುಸುಳುತ್ತಿರುತ್ತಾನೆ. ಊರಿನಲ್ಲಿ ನಿಜವಾಗಿ ಸೈಕಲ್ಲಿನಿಂದ ಹೊಟ್ಟೆ ಹೊರೆಯುವವನು ಅವನು. ಕಾರಿಲ್ಲದ ದಾರಿಯ ಈ ಆವಿಷ್ಕಾರ ಅವನ ತನಕ ಇನ್ನೂ ತಲುಪಿಲ್ಲ.

ರಸ್ತೆ ಮತ್ತು ಸಾರಿಗೆ ಪ್ರಾಧಿಕಾರದ ಈಚಿನ ಯೋಜನೆಗಳಲ್ಲಿ ನನಗೆ ಎಲ್ಲಕ್ಕಿಂತ ಆಸಕ್ತಿ ಹುಟ್ಟಿಸಿದ್ದು ಅಲ್ ಸುಫೂಹ್‌ನಿಂದ ದುಬೈ ಹಿಲ್ಸ್ ವರೆಗಿನ 13.5 ಕಿ.ಮೀ. ಪಥ. ಅದರ ಒಂದು ಸೇತುವೆ ಶೇಖ್ ಜಾಯೆದ್ ರಸ್ತೆಯನ್ನು ಮೇಲಿನಿಂದ ದಾಟುತ್ತದೆ, ಇನ್ನೊಂದು ಅಲ್ ಖೈಲ್ ರಸ್ತೆಯನ್ನು. ಕಡಲ ಕಡೆಯ ಜುಮೈರಾವನ್ನು ಒಳಗಿನ ಅಲ್ ಕುದ್ರಾದೊಂದಿಗೆ ಬೆಸೆಯುವುದು ಅದರ ಉದ್ದೇಶ. ಅದು ಕೂಡಿಬಂದರೆ ಡಿಕ್ಕಿ ತೆರೆಯದೆ ಮನೆಯ ಗೇಟಿನಿಂದಲೇ ಹೊರಟು ಓರಿಕ್ಸ್ ನೋಡಿ ಬರಬಹುದು. ಸೇತುವೆಯ ಮೇಲೆ ಕುಬೂಸ್ ಚೀಲ ನೇತುಹಾಕಿದ ಸೈಕಲ್ಲೂ ದಾಟುತ್ತದೆಯೇ ಎಂದು ನಿಂತು ನೋಡುವ ಆಸೆ ನನಗಿದೆ.