ಸೋಮವಾರದ ಕಪ್ಪು ಉಚ್ಚೆ

ಭಾನುವಾರ ಇಡೀ ದಿನ ಲಾಯದಲ್ಲಿ ಕಟ್ಟಿದ್ದ ಕುದುರೆ ಸೋಮವಾರ ಬೆಳಿಗ್ಗೆ ಗಾಡಿಗೆ ಹೂಡಿದಾಗ ಎಂದಿಗಿಂತ ಹುರುಪಿನಿಂದ ಹೊರಟಿತು. ರಜೆಯ ದಿನ ದುಡಿತವಿರಲಿಲ್ಲ, ದಾಣಿ ಮಾತ್ರ ದುಡಿಯುವ ದಿನದಷ್ಟೇ ಬಿದ್ದಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದರ ಮೈಯೆಲ್ಲ ಬೆವರಿಳಿಯಿತು, ಹಿಂಗಾಲು ಸೆಟೆದವು. ಸೊಂಟ, ತೊಡೆ ಒತ್ತಿದರೆ ಬೆರಳು ಇಳಿಯದಷ್ಟು ಗಟ್ಟಿ. ಗಾಡಿಯವನು ಹಟ ಹಿಡಿದು ನಡೆಸಿದಾಗ ಕುದುರೆ ರಸ್ತೆಯಲ್ಲೇ ಕುಸಿಯಿತು. ಆಮೇಲೆ ಅದು ಹೊಯ್ದ ಉಚ್ಚೆ ಕಾಫಿ ಡಿಕಾಕ್ಷನ್ನಿನ ಬಣ್ಣದ್ದಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಯುರೋಪಿನ ಊರುಗಳಲ್ಲಿ ಇಂಥ ಸೋಮವಾರಗಳು ಮತ್ತೆ ಮತ್ತೆ ಬಂದವು. ಸರಕು ಎಳೆಯುವ ದೊಡ್ಡ ಕುದುರೆಗಳೇ ಹೆಚ್ಚಾಗಿ ಬೀಳುತ್ತಿದ್ದವು. ಅದರಲ್ಲೂ ಚೆನ್ನಾಗಿ ಮೇದು ಮೈ ತುಂಬಿಕೊಂಡಿದ್ದಂಥವು. ಇಂಗ್ಲೆಂಡಿನವರು ಅದನ್ನು ಸೋಮವಾರದ ರೋಗ ಎಂದರು, ಜರ್ಮನಿಯವರು ಹಬ್ಬದ ರೋಗ ಎಂದರು. ಈಸ್ಟರ್ ರಜೆ ಮುಗಿದ ಮರುದಿನ ಪಶುವೈದ್ಯರಿಗೆ ಬಿಡುವೇ ಇರುತ್ತಿರಲಿಲ್ಲ. ಬಿದ್ದ ಕುದುರೆಗಳಲ್ಲಿ ಕೆಲವು ಎದ್ದವು. ಕೆಲವು ಆ ದಿನ ಬದುಕಿಕೊಂಡರೂ ಉಚ್ಚೆ ಕಡಿಮೆಯಾಗುತ್ತಾ ಬಂದು ಕೆಲವೇ ದಿನಗಳಲ್ಲಿ ಸತ್ತವು.

ಅನುಮಾನ ನೇರವಾಗಿ ಮೂತ್ರಪಿಂಡದ ಮೇಲೆ ಬಿತ್ತು. ಅದಕ್ಕೆ ಕಾರಣವೂ ಇತ್ತು. ನೋವು ಸೊಂಟದಲ್ಲಿ, ಬಣ್ಣ ಉಚ್ಚೆಯಲ್ಲಿ. ಜೊತೆಗೆ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಎಂಬ ವೈದ್ಯರು 1827ರಲ್ಲಿ ತೋರಿಸಿಕೊಟ್ಟ ಒಂದು ಪರೀಕ್ಷೆ ಅಷ್ಟರಲ್ಲಿ ಎಲ್ಲ ಕಡೆ ಹಬ್ಬಿತ್ತು. ಅವರು ಬಾವು ಬಂದ ರೋಗಿಯ ಮೂತ್ರವನ್ನು ಒಂದು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಮೇಲೆ ಕಾಯಿಸುತ್ತಿದ್ದರು. ಅದು ಬೆಳ್ಳಗೆ ಗರಣೆಗಟ್ಟಿದರೆ ಅದರಲ್ಲಿ ಪ್ರೊಟೀನ್ ಸೋರಿದೆ ಎಂದರ್ಥ. ಅಂಥವರು ಸತ್ತ ಮೇಲೆ ಕೊಯ್ದು ನೋಡಿದರೆ ಮೂತ್ರಪಿಂಡ ಕೆಟ್ಟಿರುತ್ತಿತ್ತು. ಒಂದು ಚಮಚ, ಒಂದು ಬತ್ತಿ, ಅಷ್ಟರಿಂದಲೇ ಒಳಗಿನ ಅಂಗದ ಗುಟ್ಟು ಹೊರಬಂದಿತ್ತು. ಸೋಮವಾರದ ಕುದುರೆಯ ಉಚ್ಚೆಯಲ್ಲೂ ಪ್ರೊಟೀನ್ ಸಿಕ್ಕಿತು. ಹಾಗಾದರೆ ರೋಗ ಮೂತ್ರಪಿಂಡದ್ದೇ ಎಂದು ಹಲವರು ತೀರ್ಮಾನಿಸಿಬಿಟ್ಟರು. ಸೊಂಟಕ್ಕೆ ಕಾವು ಕೊಟ್ಟರು, ರಕ್ತ ಹರಿಸಿದರು, ಉಚ್ಚೆ ಹೆಚ್ಚಿಸುವ ಔಷಧ ಕುಡಿಸಿದರು. ಕುದುರೆಗಳು ಸಾಯುವುದು ನಿಲ್ಲಲಿಲ್ಲ.

ಕುದುರೆಯ ಉಚ್ಚೆಯೂ ಸುಲಭಕ್ಕೆ ಗುಟ್ಟು ಬಿಡುವಂಥದ್ದಾಗಿರಲಿಲ್ಲ. ಆರೋಗ್ಯವಂತ ಕುದುರೆಯದೂ ಲೋಳೆಯಿಂದ, ಸುಣ್ಣದ ಹರಳುಗಳಿಂದ ಕದಡಿಯೇ ಇರುತ್ತದೆ. ಹೊಯ್ದಾಗ ಹಳದಿಯಿದ್ದದ್ದು ಗಾಳಿಗೆ ನಿಂತರೆ ತಾನಾಗಿಯೇ ಕೆಂಪು ಮಿಶ್ರಿತ ಕಂದಾಗುತ್ತದೆ. ಎಷ್ಟು ಲಾಯಗಳಲ್ಲಿ ನೆಲದ ಮೇಲಿನ ಆ ಕೆಂಪು ಕಂಡು ಏನೂ ಆಗದ ಕುದುರೆಗೆ ಚಿಕಿತ್ಸೆ ನಡೆಯಿತೋ ಲೆಕ್ಕ ಇಟ್ಟವರಿಲ್ಲ.

ಮೊದಲ ಬಿರುಕು ಕಂಡದ್ದು ಸೂಕ್ಷ್ಮದರ್ಶಕದ ಕೆಳಗೆ. ಉಚ್ಚೆ ಕಪ್ಪಾಗಿದ್ದರೆ ಅದರಲ್ಲಿ ರಕ್ತಕಣಗಳು ಕಾಣಬೇಕಿತ್ತು. ಜರ್ಮನಿಯ ಪಶುವೈದ್ಯರು ಹುಡುಕಿದರು. ಕಣಗಳಿರಲಿಲ್ಲ, ಬರೀ ಬಣ್ಣವಿತ್ತು. ರಕ್ತ ಒಳಗೇ ಒಡೆದು ಅದರ ಹಿಮೋಗ್ಲೋಬಿನ್ ಮೂತ್ರಕ್ಕೆ ಇಳಿಯುತ್ತಿದೆ ಎಂದು ಹೊಸ ಊಹೆ ಹುಟ್ಟಿತು. ಆದರೆ ಸತ್ತ ಕುದುರೆಯ ತೊಡೆ ಕೊಯ್ದವರ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಕೆಂಪಗಿರಬೇಕಾದ ಮಾಂಸ ಅಲ್ಲಲ್ಲಿ ಬಿಳಿಚಿತ್ತು. ಅಲ್ಲಿಯ ಬಣ್ಣ ಎಲ್ಲಿಗೆ ಹೋಯಿತು?

ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಪ್ಯಾರಿಸ್ಸಿನ ಕಾಮು ಮತ್ತು ಪಾನಿಯೆ ಇದ್ದರು. 1902ರ ಸುಮಾರಿಗೆ ಅವರು ಸ್ನಾಯುವಿನಿಂದ ಹಿಂಡಿ ತೆಗೆದ ಬಣ್ಣವನ್ನು ಪ್ರಾಣಿಗಳ ರಕ್ತಕ್ಕೆ ಸೇರಿಸಿದರು. ಅದು ಉಚ್ಚೆಯಲ್ಲಿ ಹೊರಬಂತು. ಸ್ನಾಯುವಿನ ಕೆಂಪಿಗೂ ರಕ್ತದ ಕೆಂಪಿಗೂ ನಡತೆಯಲ್ಲಿ ವ್ಯತ್ಯಾಸವಿತ್ತು. 1921ರಲ್ಲಿ ಹಾನ್ಸ್ ಗುಂಥರ್ ಸ್ನಾಯುವಿನ ಈ ಬಣ್ಣಕ್ಕೆ ಮಯೋಗ್ಲೋಬಿನ್ ಎಂದು ಹೆಸರಿಟ್ಟರು. ಆದರೂ ಅದನ್ನು ಶುದ್ಧವಾಗಿ ಬೇರ್ಪಡಿಸಿ ಹಿಡಿದವರು ಯಾರೂ ಇರಲಿಲ್ಲ.

ಅದನ್ನು ಸಾಧಿಸಿದವರು ಸ್ವೀಡನ್ನಿನ ಹ್ಯೂಗೊ ಥಿಯೊರೆಲ್. ವೈದ್ಯಕೀಯ ಓದಿದ್ದ ಅವರ ಕಾಲಿನ ಬಲವನ್ನು ಪೋಲಿಯೊ ಕಿತ್ತುಕೊಂಡಿತ್ತು. ರೋಗಿಗಳ ಮಂಚದಿಂದ ಮಂಚಕ್ಕೆ ಓಡಾಡುವ ಕೆಲಸ ಬಿಟ್ಟು ಅವರು ಪ್ರಯೋಗಾಲಯ ಸೇರಿದರು. 1932ರಲ್ಲಿ ಕುದುರೆಯ ಸ್ನಾಯುವಿನಿಂದಲೇ ಮಯೋಗ್ಲೋಬಿನ್ನಿನ ಹರಳು ತೆಗೆದರು. ಸರಿಸುಮಾರು ಅದೇ ಹೊತ್ತಿಗೆ ಅದೇ ದೇಶದಲ್ಲಿ ಬಿರ್ಯರ್ ಕಾರ್ಲ್‌ಸ್ಟ್ರೋಮ್ ಎಂಬ ಪಶುವೈದ್ಯ ಸೋಮವಾರದ ಕುದುರೆಗಳ ಸ್ನಾಯುವನ್ನೇ ಶೋಧಿಸುತ್ತಿದ್ದರು. ಬಿಡುವಿನ ದಿನ ಪಿಷ್ಟ, ಸಕ್ಕರೆಯ ಆಹಾರ ತಿಂದ ಕುದುರೆಯ ಸ್ನಾಯುವಿನಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ತುಂಬಿಕೊಳ್ಳುತ್ತದೆ, ಒಮ್ಮೆಲೇ ಓಡಿಸಿದಾಗ ಅದು ಲ್ಯಾಕ್ಟಿಕ್ ಆಮ್ಲವಾಗಿ ಸ್ನಾಯುವನ್ನು ಕೆಡಿಸುತ್ತದೆ ಎಂದು ಅವರು ವಾದಿಸಿದರು. ಆಮ್ಲದ ಮಾತು ಮುಂದೆ ನಿಲ್ಲಲಿಲ್ಲ. ಆದರೆ ಕೇಡು ಹುಟ್ಟುವುದು ಮೂತ್ರಪಿಂಡದಲ್ಲಲ್ಲ, ತೊಡೆಯಲ್ಲಿ ಎಂಬುದು ಗಟ್ಟಿಯಾಯಿತು.

ಹಾಗಾದರೆ ಕೊನೆಗೆ ಉಚ್ಚೆ ನಿಂತು ಸಾಯುವುದೇಕೆ? ಇದಕ್ಕೆ ಉತ್ತರ ಬಂದದ್ದು ಲಾಯದಿಂದಲ್ಲ, ಬಾಂಬು ಬಿದ್ದ ಮನೆಗಳಿಂದ. 1940ರಲ್ಲಿ ಲಂಡನ್ನಿನ ಮೇಲೆ ಜರ್ಮನ್ ವಿಮಾನಗಳು ರಾತ್ರಿಯಿಡೀ ಬಾಂಬು ಸುರಿಸುತ್ತಿದ್ದವು. ಕುಸಿದ ಗೋಡೆಯ ಕೆಳಗೆ ತಾಸುಗಟ್ಟಲೆ ಕಾಲು ಸಿಕ್ಕಿಕೊಂಡವರನ್ನು ಹ್ಯಾಮರ್‌ಸ್ಮಿತ್ ಆಸ್ಪತ್ರೆಗೆ ತರುತ್ತಿದ್ದರು. ಬಂದಾಗ ಮಾತಾಡುತ್ತಿದ್ದರು, ಬದುಕಿದೆವು ಎಂದುಕೊಳ್ಳುತ್ತಿದ್ದರು. ಆಮೇಲೆ ಕಾಲು ಊದಿಕೊಳ್ಳುತ್ತಿತ್ತು, ಮೂತ್ರ ಕಪ್ಪಾಗುತ್ತಿತ್ತು, ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ಸುಮಾರು ಒಂದು ವಾರಕ್ಕೆ ಸಾವು. ಕಾಲಿಗೆ ಪೆಟ್ಟು ಬಿದ್ದವನು ಮೂತ್ರಪಿಂಡ ಸೋತು ಸಾಯುವುದನ್ನು ಎರಿಕ್ ಬೈವಾಟರ್ಸ್ ಎಂಬ ತರುಣ ವೈದ್ಯ ಒಪ್ಪಿಕೊಳ್ಳಲಾರದೆ ಹೋದರು. ಡೆಸ್ಮಂಡ್ ಬೀಲ್ ಜೊತೆಗೂಡಿ 1941ರ ಮಾರ್ಚಿನಲ್ಲಿ ನಾಲ್ವರ ಕತೆಯನ್ನು ವೈದ್ಯ ಪತ್ರಿಕೆಯಲ್ಲಿ ಬರೆದರು. ಸತ್ತವರ ಮೂತ್ರಪಿಂಡದ ನಳಿಕೆಗಳಲ್ಲಿ ಕಂದು ಬಣ್ಣದ ಗಡ್ಡೆಗಳು ಸಿಕ್ಕಿಕೊಂಡಿದ್ದವು.

ಆ ಕಂದು ಯಾವುದರದ್ದು? ಬೈವಾಟರ್ಸ್ ಮತ್ತು ಸಂಗಡಿಗರು ಮೂತ್ರವನ್ನು ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕದ ಮುಂದೆ ಹಿಡಿದರು. ಹಿಮೋಗ್ಲೋಬಿನ್ ಆಗಲಿ ಮಯೋಗ್ಲೋಬಿನ್ ಆಗಲಿ ಬೆಳಕಿನ ಪಟ್ಟಿಯಲ್ಲಿ ಎರಡು ಕಪ್ಪು ಗೆರೆ ಮೂಡಿಸುತ್ತವೆ. ಹಿಮೋಗ್ಲೋಬಿನ್ನಿನ ಗೆರೆಗಿಂತ ಮಯೋಗ್ಲೋಬಿನ್ನಿನದು ಕೆಂಪಿನ ಕಡೆಗೆ ಸರಿದಿರುವುದು ಕೆಲವೇ ನ್ಯಾನೊಮೀಟರ್. ಬಾಂಬಿನ ಸದ್ದಿನ ನಡುವೆ ಆ ಕೂದಲೆಳೆಯ ಅಂತರವನ್ನು ಅವರು ಅಳೆದರು. ಗೆರೆ ಸರಿದಿತ್ತು. ಅದು ಮಯೋಗ್ಲೋಬಿನ್. 1944ರಲ್ಲಿ ಬೈವಾಟರ್ಸ್ ಮೊಲಗಳಿಗೆ ಮಯೋಗ್ಲೋಬಿನ್ ಚುಚ್ಚಿ, ಮೂತ್ರ ಹುಳಿಯಾಗಿದ್ದಾಗ ಅವುಗಳ ಮೂತ್ರಪಿಂಡ ಸೋಲುವುದನ್ನೂ ತೋರಿಸಿದರು. ಲಂಡನ್ನಿನ ಗಾಯಾಳುವಿಗೂ ಸೋಮವಾರದ ಕುದುರೆಗೂ ಸಾವು ಒಂದೇ ದಾರಿಯಲ್ಲಿ ಬಂದಿತ್ತು.

ಆದರೆ ರೋಹಿತದರ್ಶಕ ಹಳ್ಳಿಯ ಪಶುವೈದ್ಯನ ಚೀಲದಲ್ಲಿ ಇರುವಂಥದ್ದಲ್ಲ. 1958ರಲ್ಲಿ ಬ್ಲಾಂಡ್‌ಹೈಮ್ ಮತ್ತು ಸಹೋದ್ಯೋಗಿಗಳು ಒಂದು ಸರಳ ಉಪಾಯ ಹೇಳಿದರು: 5 ಮಿಲಿಲೀಟರ್ ಮೂತ್ರಕ್ಕೆ 2.8 ಗ್ರಾಂ ಅಮೋನಿಯಂ ಸಲ್ಫೇಟ್ ಹಾಕಿ ಕದಡಿ ಸೋಸುವುದು. ಹಿಮೋಗ್ಲೋಬಿನ್ ಕಾಗದದ ಮೇಲೆ ಉಳಿಯುತ್ತದೆ, ಮಯೋಗ್ಲೋಬಿನ್ ಬಣ್ಣ ಸಮೇತ ಕೆಳಗಿಳಿಯುತ್ತದೆ. ಅಮೋನಿಯಂ ಸಲ್ಫೇಟ್ ಎಂದರೆ ರೈತರು ಹೊಲಕ್ಕೆ ಹಾಕುವ ಗೊಬ್ಬರದ ಲವಣವೇ. ಈ ಉಪಾಯ ಕೆಲವೊಮ್ಮೆ ತಪ್ಪು ಹೇಳುತ್ತದೆಂದು ಆಮೇಲೆ ತಿಳಿಯಿತು. ಆಗ ವೈದ್ಯರು ರಕ್ತದ ಕಡೆಗೂ ಕಣ್ಣು ಹಾಯಿಸಿದರು: ತಿಳಿ ರಕ್ತರಸ ಗುಲಾಬಿಯಾಗಿದ್ದರೆ ಒಡೆದದ್ದು ರಕ್ತ, ರಸ ತಿಳಿಯಾಗಿಯೇ ಇದ್ದು ಉಚ್ಚೆ ಕಪ್ಪಾಗಿದ್ದರೆ ಒಡೆದದ್ದು ಸ್ನಾಯು.

ಇಷ್ಟು ಕಾಲ ಬೆನ್ನಟ್ಟಿದ ಗುಟ್ಟು ಕೊನೆಗೆ ಚಿಕ್ಕದೇ ಆಗಿತ್ತು. ಮಯೋಗ್ಲೋಬಿನ್ ತೂಕದಲ್ಲಿ ಹಿಮೋಗ್ಲೋಬಿನ್ನಿನ ಕಾಲುಭಾಗ. ಹಿಮೋಗ್ಲೋಬಿನ್ನನ್ನು ರಕ್ತದ ಇನ್ನೊಂದು ಪ್ರೊಟೀನ್ ಅಪ್ಪಿ ಹಿಡಿದುಕೊಳ್ಳುವುದರಿಂದ ಅದು ರಸದಲ್ಲೇ ಉಳಿದು ಬಣ್ಣ ತೋರುತ್ತದೆ. ಮಯೋಗ್ಲೋಬಿನ್ನಿಗೆ ಅಂಥ ಹಿಡಿತವಿಲ್ಲ. ಅದು ಬೇಗನೆ ಮೂತ್ರಪಿಂಡದ ಜರಡಿಯಲ್ಲಿ ಇಳಿದು, ನಳಿಕೆಗಳಲ್ಲಿ ಗಟ್ಟಿಯಾಗಿ, ಅಲ್ಲಿಯ ಜೀವಕೋಶಗಳನ್ನು ಸುಡುತ್ತದೆ. ಸ್ನಾಯು ಒಡೆಯುವುದೇಕೆ ಎಂಬುದಕ್ಕೂ ಒಂದು ಭಾಗದ ಉತ್ತರ ಸಿಕ್ಕಿತು. ಅಮೆರಿಕದ ಸ್ಟೆಫನಿ ವಾಲ್‌ಬರ್ಗ್ 1992ರಲ್ಲಿ ಕೆಲವು ಕುದುರೆಗಳ ಸ್ನಾಯುವಿನಲ್ಲಿ ಅತಿಯಾಗಿ ಕೂಡಿಟ್ಟ ಗ್ಲೈಕೋಜನ್ನನ್ನು ಗುರುತಿಸಿದರು; 2008ರಲ್ಲಿ ಅದಕ್ಕೆ ಕಾರಣವಾದ ಜೀನಿನ ದೋಷವೂ ಪತ್ತೆಯಾಯಿತು.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗೆ ಈ ಕತೆ ದೂರದ್ದಲ್ಲ. ಕುರಿಮಂದೆಯ ಜೊತೆ ಹೊರೆ ಹೊತ್ತು ದಿನವೂ ನಡೆಯುವ ಕುರುಬರ ಕುದುರೆಗೆ ಭಾನುವಾರವೇ ಇಲ್ಲ. ಅಪಾಯ ಹೆಚ್ಚು ಇರುವುದು ಜಾತ್ರೆಯ ಗಾಡಿ ಶರ್ಯತ್ತಿಗೆಂದು ಸಾಕಿದ ಕುದುರೆಗೆ: ದಿನಗಟ್ಟಲೆ ಕಟ್ಟಿಹಾಕಿ, ಕಡಲೆ, ಜೋಳ ತಿನ್ನಿಸಿ, ಒಮ್ಮೆಲೇ ಓಡಿಸಿದರೆ ಹಳೆಯ ಸೋಮವಾರ ಮರಳಿ ಬರುತ್ತದೆ. ಅಂಥ ಕುದುರೆ ಸೆಟೆದಾಗ ಬಲ್ಲ ಪಶುವೈದ್ಯರು ಅದನ್ನು ಒಂದು ಹೆಜ್ಜೆಯೂ ನಡೆಸಗೊಡುವುದಿಲ್ಲ. ಹೊಯ್ಯುವಾಗಲೇ ಉಚ್ಚೆಯನ್ನು ಶುದ್ಧ ಬಾಟಲಿಗೆ ಹಿಡಿಯುತ್ತಾರೆ, ಏಕೆಂದರೆ ನೆಲದ ಮೇಲಿನದು ಸುಳ್ಳು ಹೇಳೀತು. ನೀರು ತುಂಬಿಸುವ ಮೊದಲು ನೋವಿನ ಚುಚ್ಚುಮದ್ದಿಗೆ ಅವಸರಪಡುವುದಿಲ್ಲ, ಒಣಗಿದ ಮೈಯಲ್ಲಿ ಅದೂ ಮೂತ್ರಪಿಂಡಕ್ಕೆ ವಿಷ. ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಶ್ಮಲ ಏರುವ ಹೊತ್ತಿಗೆ ಮೂತ್ರಪಿಂಡದ ಶಕ್ತಿಯಲ್ಲಿ ಮುಕ್ಕಾಲು ಪಾಲು ಹೋಗಿರಬಹುದು. ನಳಿಕೆಯ ಗೋಡೆಯಿಂದ ಉದುರುವ ಜಿಜಿಟಿ ಎಂಬ ಕಿಣ್ವ ಉಚ್ಚೆಯಲ್ಲಿ ಅದಕ್ಕೂ ಮೊದಲೇ ಕಾಣಿಸಿಕೊಳ್ಳುತ್ತದೆ. ಆ ಬಾಟಲಿ ಹೊತ್ತಿಗೆ ಸರಿಯಾಗಿ ಪ್ರಯೋಗಾಲಯ ಮುಟ್ಟಿದರೆ, ಮೂತ್ರಪಿಂಡ ಇನ್ನೂ ಉಳಿಯುವಂತಿರುವಾಗಲೇ ನರಕ್ಕೆ ಸಲೈನ್ ಏರಿಸಬಹುದು.