ದತ್ತಿನಿಧಿ, ವೇಷ, ಮನೆಭೇಟಿ: ಉಡುಪಿ ಕರಾವಳಿಯ ನೆರವಿನ ದಾರಿಗಳು

ಉಡುಪಿ ಜಿಲ್ಲೆಯ ಕರಾವಳಿಯಲ್ಲಿ ಬಡ ಮಕ್ಕಳ ಓದಿಗೆ, ಕಾಯಿಲೆಗೆ, ಸೋರುವ ಸೂರಿಗೆ ಒದಗುವ ಹಣ ಹಲವು ಬಾಗಿಲಿನಿಂದ ಬರುತ್ತದೆ. ಶಾಲೆಯ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟ ದತ್ತಿನಿಧಿ, ಮುಂಬಯಿಯ ಸಮುದಾಯ ಸಂಘದ ವಿದ್ಯಾರ್ಥಿವೇತನ, ಟ್ರಸ್ಟಿನ ಚೆಕ್ಕು, ಕಂಪೆನಿಯ ಸಿಎಸ್‌ಆರ್ ನಿಧಿ, ಕೃಷ್ಣಾಷ್ಟಮಿಯ ದಿನ ವೇಷ ಹಾಕಿದವರ ಕೈಯ ಡಬ್ಬಿ. ಪಡುಬಿದ್ರಿ ಮತ್ತು ಉಚ್ಚಿಲದ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿರುವ ಎರ್ಮಾಳಿನಂಥ ಊರಿಗೆ ಇವೆಲ್ಲವೂ ಪರಿಚಿತ. ತೆಂಕ, ಬಡ ಎಂದು ಎರಡಾಗಿರುವ ಈ ಊರಿಗೆ ಪಡುವಣದಲ್ಲಿ ಕಡಲು, ಮೂಡಣದ ಎಲ್ಲೂರಿನಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ. ಇಲ್ಲಿನ ಮನೆಗಳಿಂದ ಹೋಟೆಲು ಕೆಲಸಕ್ಕೆಂದು ಮುಂಬಯಿಗೂ ಆಮೇಲೆ ಕೊಲ್ಲಿ ದೇಶಗಳಿಗೂ ಹೋದವರು ಬಹಳ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಮುಂಬಯಿ ಸಮಿತಿ ಕಟ್ಟಿ, ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಕಳಿಸಿ ಅಭ್ಯಾಸವಿದ್ದ ಜನ ಅದೇ ಕ್ರಮದಲ್ಲಿ ಶಾಲೆಗೂ ಆಸ್ಪತ್ರೆಗೂ ಹಣ ಕೂಡಿಸಿದರು.

ಈ ಜಿಲ್ಲೆಯ ದಾನದ ಚರಿತ್ರೆ ಬ್ಯಾಂಕುಗಳ ಚರಿತ್ರೆಯ ಜೊತೆ ಹೆಣೆದುಕೊಂಡಿದೆ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹದ್ದೂರ್ ಅವರು ಮುಂದಾಗಿ ಕಟ್ಟಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಆರಂಭಿಸಿದ ಸಂಸ್ಥೆಯ ಮೊದಲ ಹೆಸರು ಕೆನರಾ ಹಿಂದೂ ಪರ್ಮನೆಂಟ್ ಫಂಡ್. ಇಂದಿನ ಕೆನರಾ ಬ್ಯಾಂಕ್ ಅದೇ. ಬ್ಯಾಂಕಿಗೆ ಕೈಹಾಕುವ ಮೊದಲೇ ಪೈಯವರು ಕೆನರಾ ಹೈಸ್ಕೂಲನ್ನೂ ಹೆಣ್ಣುಮಕ್ಕಳ ಶಾಲೆಯನ್ನೂ ತೆರೆದಿದ್ದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ಪಡೆದು ಬರೆದುಕೊಂಡು ಹೋಗುತ್ತಿದ್ದರು. ಬೀಡಿ ಕಟ್ಟುವವರ, ಮೀನು ಮಾರುವವರ ಚಿಲ್ಲರೆಗೂ ಒಂದು ಲೆಕ್ಕವಿದೆ ಎಂಬ ತಿಳಿವಳಿಕೆ ಊರಿಗೆ ಬಂದದ್ದು ಹೀಗೆ. ಆ ಬ್ಯಾಂಕಿನ ಸ್ಥಾಪಕರಲ್ಲಿ ಒಬ್ಬರಾದ ಡಾ. ಟಿ.ಎಂ.ಎ. ಪೈ 1942ರಲ್ಲಿ ಮಣಿಪಾಲದಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪಿಸಿದರು. 1953ರ ಕಸ್ತೂರಬಾ ವೈದ್ಯಕೀಯ ಕಾಲೇಜು ಬಂದದ್ದು ಅದರ ನಂತರ.

ಮಿಷನರಿಗಳ ಪಾಲೂ ಸಣ್ಣದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಉಡುಪಿಯಲ್ಲೂ ನೆಲೆಯೂರಿತು. 1923ರಲ್ಲಿ ಸ್ವಿಸ್ ವೈದ್ಯೆ ಡಾ. ಈವಾ ಲೊಂಬಾರ್ಡ್ ಹೆಂಗಸರು ಮತ್ತು ಮಕ್ಕಳಿಗಾಗಿ ತೆರೆದ ಆಸ್ಪತ್ರೆಯನ್ನು ಊರವರು ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಕುದ್ಮುಲ್ ರಂಗರಾವ್ 1897ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಬೇರೆ ಬಗೆಯದು. ತಮ್ಮದಲ್ಲದ ಸಮುದಾಯದ, ಅದೂ ಅಸ್ಪೃಶ್ಯರೆಂದು ದೂರ ಇಟ್ಟವರ ಮಕ್ಕಳಿಗಾಗಿ ಅವರು ಶಾಲೆ ನಡೆಸಿದರು, ಅದಕ್ಕಾಗಿ ತಮ್ಮವರಿಂದಲೇ ಬಹಿಷ್ಕಾರ ಉಂಡರು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕರಾವಳಿಯ ಸಂಘಟಿತ ನೆರವಿನ ದೊಡ್ಡ ಪಾಲು ಸಮುದಾಯಗಳ ಒಳಗೇ ಹರಿಯುತ್ತದೆ. ಮುಂಬಯಿಯಲ್ಲಿ 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಎಸೋಸಿಯೇಶನ್ ಹುಟ್ಟಿದವು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಮೆಟ್ರಿಕ್ ಪಾಸಾದದ್ದು, ಅವರಲ್ಲಿ ಕೆಲವರು ಮಾಲಿಕರೂ ವಕೀಲರೂ ಆದದ್ದು ಇಂಥ ಸಂಘಗಳ ಆಸರೆಯಲ್ಲಿ. ಅವರು ಊರಿಗೆ ಮರಳಿಸಿದ ಹಣದಲ್ಲಿ ಎಷ್ಟೋ ಶಾಲಾ ಕಟ್ಟಡಗಳು ಎದ್ದಿವೆ. ಆದರೆ ಮುಂಬಯಿಯಲ್ಲಿ ಸಂಘವಿಲ್ಲದ, ಹೋಟೆಲು ಮಾಲಿಕರಿಲ್ಲದ ಸಮುದಾಯದ ಮಗುವಿಗೆ ಈ ನೀರು ಹರಿಯಲಿಲ್ಲ. ಬುಟ್ಟಿ ಹೆಣೆದು ಬದುಕಿದ ಕೊರಗರು ಇದಕ್ಕೆ ಕಣ್ಣೆದುರಿನ ಸಾಕ್ಷಿ. ಜೇನು ಕುರುಬರ ಜೊತೆ ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಿರುವುದು ಅವರನ್ನೇ. ಅವರ ಪಾಲಿಗೆ ಮುಖ್ಯ ಆಸರೆ ಇಂದಿಗೂ ಸರ್ಕಾರದ ಯೋಜನೆಗಳು. ಜಾತಿಯ ಗಡಿ ದಾಟಿದ ನಿಧಿಗೆ ಹೆಚ್ಚಿನ ಬೆಲೆ ಕೊಡಬೇಕಾದದ್ದು ಇದಕ್ಕಾಗಿಯೇ.

ಅಂಥದ್ದೊಂದು ನಿಧಿ ಉಡುಪಿಯಲ್ಲಿ ಯಕ್ಷಗಾನದ ಅಂಗಳದಿಂದ ಬಂತು ಎನ್ನುವುದು ಸೋಜಿಗ. 1975ರಲ್ಲಿ ಕಲಾಭಿಮಾನಿಗಳು ಸೇರಿ ಕಟ್ಟಿದ ಯಕ್ಷಗಾನ ಕಲಾರಂಗ ಮೊದಲು ಕಲಾವಿದರ ಸನ್ಮಾನ, ಅಶಕ್ತ ಕಲಾವಿದರ ನೆರವು ಎಂದು ದುಡಿಯುತ್ತಿತ್ತು. 2005ರಲ್ಲಿ ಅದು ವಿದ್ಯಾಪೋಷಕ್ ಎಂಬ ಯೋಜನೆ ತೆರೆಯಿತು. ಎಸ್ಸೆಸ್ಸೆಲ್ಸಿಯಲ್ಲಿ ಚೆನ್ನಾಗಿ ಅಂಕ ಪಡೆದೂ ಮುಂದೆ ಓದಲು ಕೈಯಲ್ಲಿ ಕಾಸಿಲ್ಲದ ಮಕ್ಕಳಿಗೆ ಪಿಯುಸಿಯಿಂದ ಮುಂದಕ್ಕೆ ನೆರವು ಕೊಡುವುದು ಅದರ ಗುರಿ. ಅರ್ಜಿಯಲ್ಲಿ ಬರೆದದ್ದನ್ನು ಅಲ್ಲಿ ಯಾರೂ ಹಾಗೇ ನಂಬುವುದಿಲ್ಲ. ಕಾರ್ಯಕರ್ತರು ಒಬ್ಬೊಬ್ಬ ವಿದ್ಯಾರ್ಥಿಯ ಮನೆಗೂ ಹೋಗುತ್ತಾರೆ. ಗೋಡೆ, ಮಾಡು, ಒಲೆ ಕಾಣುತ್ತದೆ. ಅಪ್ಪ ಇದ್ದಾನೋ, ಅಮ್ಮ ಗೇರುಬೀಜ ಕಾರ್ಖಾನೆಗೆ ಹೋಗುತ್ತಾಳೋ, ಮನೆಯಲ್ಲಿ ಹಾಸಿಗೆ ಹಿಡಿದವರು ಯಾರು ಎಂಬುದು ತಿಳಿಯುತ್ತದೆ. ಆದಾಯ ಪ್ರಮಾಣಪತ್ರದಲ್ಲಿ ಇವು ಯಾವುವೂ ಇರುವುದಿಲ್ಲ. ಆಯ್ಕೆಯಾದವರಿಗೆ ಓದು ಮುಗಿಯುವ ತನಕ ವರ್ಷ ವರ್ಷವೂ ನೆರವು ಮುಂದುವರಿಯುತ್ತದೆ. ಜೊತೆಗೆ ಸನಿವಾಸ ಶಿಬಿರಗಳಲ್ಲಿ ಮಾತು, ನಡೆ, ಇಂಗ್ಲಿಷು, ಮುಂದಿನ ದಾರಿಯ ತಿಳಿವಳಿಕೆ. ಈಗ ವರ್ಷಕ್ಕೆ ಸಾವಿರದ ಆಸುಪಾಸಿನ ಮಕ್ಕಳು ಇದರ ಆಸರೆಯಲ್ಲಿದ್ದಾರೆ.

ಮನೆಭೇಟಿಯಿಂದ ಇನ್ನೊಂದು ಕೆಲಸವೂ ಹುಟ್ಟಿತು. ಟಾರ್ಪಾಲು ಹೊದೆಸಿದ ಮಾಡಿನ ಕೆಳಗೆ ಚಿಮಣಿ ದೀಪದಲ್ಲಿ ಓದುವ ಮಗುವಿಗೆ ಕಾಲೇಜು ಫೀಸು ಕಟ್ಟಿದರಷ್ಟೇ ಸಾಲದು ಎಂದು ಕಂಡಾಗ ಕಲಾರಂಗ ದಾನಿಗಳನ್ನು ಹುಡುಕಿ ಮನೆ ಕಟ್ಟಿಸತೊಡಗಿತು. ಅಂಥ ಮನೆಗಳ ಸಂಖ್ಯೆ 50 ದಾಟಿದೆ. ಹಿಂದೆ ನೆರವು ಪಡೆದವರು ಕೆಲಸಕ್ಕೆ ಸೇರಿ ಈಗ ತಾವೇ ದಾನಿಗಳ ಪಟ್ಟಿಯಲ್ಲಿದ್ದಾರೆ.

ಓದಿನ ಖರ್ಚು ಮುಂಚೆಯೇ ಗೊತ್ತಿರುತ್ತದೆ, ಕಾಯಿಲೆಯದು ಹಾಗಲ್ಲ. ಕ್ಯಾನ್ಸರಿಗೋ ಹೃದಯದ ತೊಂದರೆಗೋ ತುತ್ತಾದ ಮಗುವಿನ ಮನೆಯವರು ಒಂದೇ ವಾರದಲ್ಲಿ ಲಕ್ಷಗಳ ಮಾತು ಕೇಳಬೇಕಾಗುತ್ತದೆ. ಎರ್ಮಾಳಿಗೆ ಹತ್ತಿರದ ಕಟಪಾಡಿಯ ರವಿ ಇದಕ್ಕೊಂದು ದಾರಿ ಕಂಡವರು. ಕಟ್ಟಡ ಕೆಲಸದ ಕೂಲಿಯಾದ ಅವರು ಕೃಷ್ಣಾಷ್ಟಮಿಯ ಸಮಯದಲ್ಲಿ ಹಾಲಿವುಡ್ ಸಿನಿಮಾದ ವಿಚಿತ್ರ ಜೀವಿಗಳಂತೆ ಬಣ್ಣ ಬಳಿದುಕೊಂಡು, ಗಂಟೆಗಟ್ಟಲೆ ಕೂತು ಕಟ್ಟಿಸಿಕೊಂಡ ವೇಷದಲ್ಲಿ ಗೆಳೆಯರ ಜೊತೆ ಬೀದಿಗಿಳಿಯುತ್ತಾರೆ. ಕೂಡಿದ ಹಣವೆಲ್ಲ ಕಾಯಿಲೆಯ ಮಕ್ಕಳಿಗೆ. ಹುಲಿವೇಷದವರಿಗೆ ಕಾಣಿಕೆ ಕೊಟ್ಟು ರೂಢಿಯಿದ್ದ ಊರಿಗೆ ಇದು ಹೊಸದೆನಿಸಲಿಲ್ಲ. ಹೊಸದಾಗಿದ್ದದ್ದು, ಯಾವ ಮಗುವಿಗೆ ಎಷ್ಟು ಕೊಟ್ಟೆವು ಎಂದು ಆ ತಂಡ ಎಲ್ಲರೆದುರು ಹೇಳಿದ್ದು. ಅಮಿತಾಭ್ ಬಚ್ಚನ್ ನಡೆಸುವ ಟಿವಿ ಕಾರ್ಯಕ್ರಮದ ತನಕ ಅವರ ಹೆಸರು ಹೋಯಿತು.

ಇಂಥ ಸಂಗ್ರಹಕ್ಕೆ ಮೊದಲು ನೋಡಬೇಕಾದ ಬಾಗಿಲು ಇನ್ನೊಂದಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಚಿಕಿತ್ಸೆಯಿದೆ. ಅದರಲ್ಲಿ ಒಳಪಡದ ಔಷಧ, ಊರಿಂದ ಆಸ್ಪತ್ರೆಗೆ ಓಡಾಟ, ಜೊತೆಗಿರುವ ತಾಯಿಯ ಕೂಲಿನಷ್ಟ ಇವಕ್ಕೆ ಊರಿನ ಹಣ ಬೇಕು.

ಒಬ್ಬನೇ ದಾನಿಯ ಮೇಲೆ ನಿಂತ ನೆರವಿನ ಗತಿ ಏನಾಗಬಹುದು ಎಂಬುದಕ್ಕೆ ಉಡುಪಿ ನಗರದಲ್ಲೇ ಉದಾಹರಣೆಯಿದೆ. ಹಾಜಿ ಅಬ್ದುಲ್ಲಾ ಅವರು ದಾನವಿತ್ತ ಜಾಗದಲ್ಲಿ ಸರ್ಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯಿತ್ತು. ಕಾಪುವಿನಲ್ಲಿ ಹುಟ್ಟಿ ಅಬುಧಾಬಿಯಲ್ಲಿ ಆಸ್ಪತ್ರೆಗಳ ದೊಡ್ಡ ಉದ್ಯಮ ಕಟ್ಟಿದ ಬಿ.ಆರ್. ಶೆಟ್ಟಿ ಅಲ್ಲಿ 200 ಹಾಸಿಗೆಗಳ ಹೊಸ ಆಸ್ಪತ್ರೆ ಕಟ್ಟಿಸಿದರು. 2017ರಲ್ಲಿ ಅದು ತೆರೆಯಿತು, ಹೆರಿಗೆ ಮತ್ತು ಮಕ್ಕಳ ಚಿಕಿತ್ಸೆ ಉಚಿತವಾಗಿ ನಡೆಯಿತು. 2020ರಲ್ಲಿ ಅವರ ಉದ್ಯಮ ಕುಸಿಯಿತು. ಹಣದ ಹರಿವು ನಿಂತಿತು, ಸಿಬ್ಬಂದಿ ಸಂಬಳಕ್ಕಾಗಿ ಪ್ರತಿಭಟನೆಗೆ ಕೂತರು. ಕೊನೆಗೆ 2022ರಲ್ಲಿ ಸರ್ಕಾರವೇ ಅದನ್ನು ವಹಿಸಿಕೊಂಡಿತು. ಆಗಿನ ಸೇವೆ ದೊಡ್ಡದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಕಟ್ಟಡ ಕಟ್ಟುವ ಹಣ ಒಮ್ಮೆ ಸಾಕು, ನಡೆಸುವ ಹಣ ಪ್ರತಿ ತಿಂಗಳು ಬೇಕು; ಅದನ್ನು ಮೊದಲೇ ಬೇರೆಯಾಗಿ ಎತ್ತಿಡದ ಸಂಸ್ಥೆ ದಾನಿಯ ಏಳುಬೀಳನ್ನೂ ಹಂಚಿಕೊಳ್ಳಬೇಕಾಗುತ್ತದೆ.

ದತ್ತಿನಿಧಿ ಎಂಬ ಏರ್ಪಾಡು ಬಂದದ್ದು ಇದಕ್ಕೇ. ಅಸಲು ಮುಟ್ಟದೆ ಬಡ್ಡಿಯನ್ನಷ್ಟೇ ಖರ್ಚು ಮಾಡುವುದು ಅದರ ನಿಯಮ. ಲಕ್ಷ ರೂಪಾಯಿ ಶೇ. 7ರ ಬಡ್ಡಿಯಲ್ಲಿದ್ದರೆ ವರ್ಷಕ್ಕೆ 7,000 ರೂಪಾಯಿ ಸಿಗುತ್ತದೆ. ಅದಕ್ಕೂ ಬೆಲೆಯೇರಿಕೆಯೆಂಬ ಶತ್ರುವಿದೆ. ಅಜ್ಜನ ನೆನಪಿಗೆಂದು ಹಿಂದೆ ಯಾರೋ ಶಾಲೆಯಲ್ಲಿಟ್ಟ 1,000 ರೂಪಾಯಿಯ ಬಡ್ಡಿಗೆ ಇಂದು ಒಂದು ನೋಟ್‌ಬುಕ್ಕಿನ ಕಟ್ಟು ಬಂದರೆ ಪುಣ್ಯ. ಬಡ್ಡಿಯ ಒಂದು ಪಾಲನ್ನು ಮತ್ತೆ ಅಸಲಿಗೆ ಸೇರಿಸುವ ನಿಯಮ ಬರೆದುಕೊಂಡ ನಿಧಿಗಳು ಮಾತ್ರ ತಲೆಮಾರು ದಾಟುತ್ತವೆ.

ಕಂಪೆನಿಗಳ ಹಣದ ಮಾತು ಬೇರೆ. 2013ರ ಕಂಪೆನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿಗದಿತ ಗಾತ್ರ ಮೀರಿದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು; ಸಿಎಸ್‌ಆರ್ ಎಂದರೆ ಇದೇ. ಎಲ್ಲೂರಿನ ವಿದ್ಯುತ್ ಸ್ಥಾವರದ ಸುತ್ತಲಿನ ಗ್ರಾಮಗಳಲ್ಲಿ ರಸ್ತೆ, ಶಾಲಾ ಸಾಮಗ್ರಿ, ಆರೋಗ್ಯ ಕಾರ್ಡುಗಳ ಕೆಲಸ ಈ ಹೆಸರಿನಲ್ಲಿ ನಡೆದಿದೆ. ಅದೇ ಸ್ಥಾವರದ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರಲ್ಲಿ ಪರಿಸರ ಹಾನಿಗಾಗಿ 50 ಕೋಟಿ ರೂಪಾಯಿ ಮೀರಿದ ಪರಿಹಾರ ವಿಧಿಸಿತ್ತು. ಸಿಎಸ್‌ಆರ್ ಹಣ ಕಾನೂನಿನ ಕರ್ತವ್ಯ. ಹಾನಿಯ ಪರಿಹಾರ ಸಂತ್ರಸ್ತರ ಹಕ್ಕು. ಎರಡನ್ನೂ ವೇದಿಕೆ ಹಾಕಿ ದಾನವೆಂದು ಹೊಗಳುವ ಅಗತ್ಯವಿಲ್ಲ.

ಮಕ್ಕಳನ್ನು ಇಟ್ಟುಕೊಂಡು ಸಾಕುವ ಸಂಸ್ಥೆಗಳಿಗೆ ಕಾನೂನು ಇನ್ನೂ ಬಿಗಿ. 2015ರ ಬಾಲನ್ಯಾಯ ಕಾಯ್ದೆಯಂತೆ ಅಂಥ ಪ್ರತಿಯೊಂದು ಮನೆಯೂ ನೋಂದಣಿಯಾಗಿರಬೇಕು, ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಎದುರು ಹಾಜರುಪಡಿಸಬೇಕು. ಒಳ್ಳೆಯ ಮನಸ್ಸಿದೆ ಎಂದು ಮನೆಯೊಂದನ್ನು ಬಾಡಿಗೆಗೆ ಹಿಡಿದು ಹತ್ತು ಮಕ್ಕಳನ್ನು ಸೇರಿಸಿಕೊಳ್ಳುವಂತಿಲ್ಲ. ಅದಕ್ಕಿಂತ ಮಿಗಿಲಾಗಿ, ಬಡತನವೊಂದೇ ಕಾರಣವಾಗಿದ್ದರೆ ಮಗುವನ್ನು ತಾಯಿಯಿಂದ ಬೇರ್ಪಡಿಸಬಾರದು ಎಂಬುದು ಇಂದಿನ ನೀತಿ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಸಿಗುವುದು ಮನೆಯಲ್ಲೇ ಬೆಳೆಯಲೆಂದು. ಬುದ್ಧಿಮಾಂದ್ಯ ಮಕ್ಕಳ ವಿಚಾರದಲ್ಲಿ ಹಗಲು ಶಾಲೆಗಳು ಇದೇ ಕೆಲಸ ಮಾಡುತ್ತವೆ. ಶಿರ್ವ ಸಮೀಪದ ಪಾಂಬೂರಿನ ಮಾನಸ, ಮಣಿಪಾಲದ ಆಸರೆ ಅಂಥವು. ಮಗು ಕಲಿಯುವಷ್ಟು ಹೊತ್ತು ತಾಯಿಗೆ ದುಡಿಯಲು ಬಿಡುವು.

ಚೆಕ್ ಹಸ್ತಾಂತರದ ಫೋಟೋ ನಮ್ಮ ಪತ್ರಿಕೆಗಳಿಗೆ ನಿತ್ಯದ ಸಾಮಗ್ರಿ. ಎಂಟು ಮಂದಿ ಗಣ್ಯರ ನಡುವೆ ತಲೆ ತಗ್ಗಿಸಿ ನಿಂತ ಮಗುವಿಗೆ ಮರುದಿನ ಶಾಲೆಗೆ ಹೋಗಬೇಕಾಗಿರುತ್ತದೆ ಎಂಬುದು ಫೋಟೋ ತೆಗೆಸುವವರಿಗೆ ಹೊಳೆಯುವುದಿಲ್ಲ. ರಕ್ಷಣೆ ಬೇಕಾದ ಮಗುವಿನ ಗುರುತು ಬಯಲು ಮಾಡುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸಿದೆ. ಅದು ಅನ್ವಯಿಸದ ಕಡೆಯೂ ಫೋಟೋ ಬೇಡ ಎನ್ನುವ ದಾನಿಗಳು ಇದ್ದಾರೆ, ಅವರೇ ಮೇಲು.

ಇನ್ನು ಕೊಡುವ, ಪಡೆಯುವ ನಿಯಮಗಳ ಮಾತು. ಕರ್ನಾಟಕದಲ್ಲಿ ಟ್ರಸ್ಟುಗಳು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ಡೀಡ್ ನೋಂದಾಯಿಸುತ್ತವೆ. ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ, ಕನಿಷ್ಠ ಏಳು ಸದಸ್ಯರೊಂದಿಗೆ. ದಾನಿಗೆ ತೆರಿಗೆ ವಿನಾಯಿತಿ ಸಿಗಬೇಕಾದರೆ ಸಂಸ್ಥೆಗೆ ಜನ 80ಜಿ ಎಂದು ಕರೆಯುವ ಮಾನ್ಯತೆ ಇರಬೇಕು. ಆಗ ಸಾಮಾನ್ಯವಾಗಿ ದಾನದ ಅರ್ಧ ಮೊತ್ತ ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯುತ್ತದೆ. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಈ ಲಾಭ. 2,000 ರೂಪಾಯಿ ಮೀರಿ ನಗದಾಗಿ ಕೊಟ್ಟರೆ ಅದೂ ಇಲ್ಲ. ಕೊಲ್ಲಿಯಲ್ಲಿರುವವರು ಆಗಾಗ ಕೇಳುವ ಪ್ರಶ್ನೆಗೂ ಉತ್ತರವಿದೆ: ಭಾರತದ ಪಾಸ್‌ಪೋರ್ಟ್ ಹೊಂದಿದವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ ಅಥವಾ ಬ್ರಿಟನ್ನಿನ ಪೌರತ್ವ ಪಡೆದ ತಮ್ಮನೋ ಮಗಳೋ ಕಳಿಸಿದರೆ ಅದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ ಅದನ್ನು ಪಡೆಯಬಹುದು.

ವಾಟ್ಸ್‌ಆ್ಯಪ್‌ನಲ್ಲಿ ಬರುವ ಕಾಯಿಲೆಯ ಮಗುವಿನ ಮನವಿಗೆ ಹಣ ಹಾಕುವ ಮೊದಲು ಆಸ್ಪತ್ರೆಗೆ ಫೋನು ಮಾಡಿ, ಸಾಧ್ಯವಾದರೆ ಹಣವನ್ನು ಆಸ್ಪತ್ರೆಯ ಖಾತೆಗೇ ಕಟ್ಟುವುದು ಒಳ್ಳೆಯದು. ರಶೀದಿ ಕೇಳಲು ಸಂಕೋಚ ಬೇಡ. ಸಂಕಷ್ಟದಲ್ಲಿರುವ ಮಗು ಕಣ್ಣಿಗೆ ಬಿದ್ದರೆ, ಹಣ ಕೈಯಲ್ಲಿರಲಿ ಇಲ್ಲದಿರಲಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಅದು ಹಗಲುರಾತ್ರಿ ತೆರೆದಿರುತ್ತದೆ, ಕರೆಗೆ ದುಡ್ಡಿಲ್ಲ.